ಡಾಕ್ಟರನ್ನು ಕೇಳಬೇಡಿ

ಟ್ರೆಂಟ್ ಕುಟುಂಬದ ಮನೆಯಲ್ಲಿ ಆ ತಿಂಗಳು ನಡೆದ ಜಗಳಗಳಿಗೆಲ್ಲ ಮೂಲ ಅತ್ತೆ ಒಲೀಟಾಳ ಎಡಗಾಲಿನ ಕಿರುಬೆರಳು. ಒಂದು ಬೆರಳಿಗಾಗಿ ಇಷ್ಟು ರಾದ್ಧಾಂತವೇ ಎಂದು ಕೇಳುವವರು ಕೆಂಟಕಿಯ ಬೆಟ್ಟದ ಸಂದಿಯಲ್ಲಿ, ಅತ್ತೆಯ ಹೆಸರಿನಲ್ಲಿರುವ ಮನೆಯಲ್ಲಿ, ಸೊಸೆಯಾಗಿ ಬಾಳಿ ನೋಡಬೇಕು. ಟ್ವೈಲಾ ಹಾಗೆ ಬಾಳಲು ಶುರುಮಾಡಿ ಇಪ್ಪತ್ತು ವರ್ಷ ಕಳೆದಿತ್ತು.

ಸೋಮವಾರ ಎಂದಿನಂತೆ ಕಾಳು ಬೇಯಿಸಿದ ಸಾರು, ಮೆಕ್ಕೆಜೋಳದ ಬ್ರೆಡ್ಡು, ಹುರಿದ ಆಲೂಗಡ್ಡೆ. ಶಾಲೆಯ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳಿಗೆ ಬಡಿಸಿ ಬಂದ ಟ್ವೈಲಾ ಮನೆಯಲ್ಲಿ ಮತ್ತೆ ಬಡಿಸುತ್ತಿದ್ದಳು. ಏನೋ ಕೊಳೆತ ವಾಸನೆ. ಸಿಂಕಿನ ಕೆಳಗೆ ಆಲೂಗಡ್ಡೆ ಕೆಟ್ಟಿರಬೇಕೆಂದು ಬುಟ್ಟಿಯನ್ನೇ ಬರಿದು ಮಾಡಿ ನೋಡಿದಳು. ಆಲೂಗಡ್ಡೆ ಗಟ್ಟಿಮುಟ್ಟಾಗಿದ್ದವು. ವಾಸನೆ ಮೇಜಿನ ಕೆಳಗಿನಿಂದ ಬರುತ್ತಿತ್ತು.

"ಅತ್ತೆ, ಎಡಗಾಲಿನ ಕಾಲ್ಚೀಲ ತೆಗೀರಿ."

"ಊಟದ ಹೊತ್ತಲ್ಲಿ ಯಾರಾದ್ರೂ ಕಾಲ್ಚೀಲ ತೆಗೀತಾರಾ? ನಿಮ್ಮಮ್ಮನ ಮನೇಲಿ ತೆಗೀತಿದ್ರೇನೋ."

ಮಗಳು ಮೇಲಿನ್ ಅಷ್ಟರಲ್ಲಿ ಫೋನಿನ ಟಾರ್ಚು ಹಿಡಿದು ಮೇಜಿನ ಕೆಳಗೆ ತೂರಿ, ಕಾಲ್ಚೀಲವನ್ನು ತಾನೇ ಎಳೆದಿದ್ದಳು. "ಅಜ್ಜಿ, ನಿನ್ನ ಬೆರಳು ಕರ್ರಗಾಗಿದೆ."

"ಅದು ಕರಿ ಮುಲಾಮು ಕಣೆ. ನಮ್ಮಮ್ಮ ಹಸೂಗೂ ಅದನ್ನೇ ಹಚ್ತಿದ್ಲು, ನಮಗೂ ಅದನ್ನೇ ಹಚ್ತಿದ್ಲು."

"ಹಸು ಬದುಕ್ತಾ?"

ಒಲೀಟಾ ಬ್ರೆಡ್ಡನ್ನು ಸಾರಿಗೆ ಮುರಿದು ಹಾಕಿಕೊಂಡಳು. ಆಕೆಗೆ ಸಕ್ಕರೆ ಕಾಯಿಲೆ ಇದ್ದದ್ದು ಹೊಸ ಸಂಗತಿಯಲ್ಲ. ಚರ್ಚಿನ ಬೂಟು ಕಚ್ಚಿ ಗಾಯವಾಗಿ, ಕಾಲಿಗೆ ಸ್ಪರ್ಶವೇ ತಿಳಿಯದೆ, ತಿಂಗಳುಗಟ್ಟಲೆ ಅದನ್ನು ಮುಚ್ಚಿಟ್ಟುಕೊಂಡಿದ್ದಳು. ಟ್ವೈಲಾ ಊಟ ಅಲ್ಲಿಗೇ ಬಿಟ್ಟು ಅತ್ತೆಯನ್ನು ಕಾರಿಗೆ ಹತ್ತಿಸಿ ಆಸ್ಪತ್ರೆಯ ತುರ್ತು ಚಿಕಿತ್ಸೆಗೆ ಕರೆದೊಯ್ದಳು. ಅಲ್ಲಿ ಗಾಯ ತೊಳೆದರು, ಮಾತ್ರೆ ಕೊಟ್ಟರು, ಸೋಂಕು ಮೂಳೆಗಿಳಿದರೆ ಪಾದ ಉಳಿಯುವುದಿಲ್ಲ ಎಂದರು. ಬೇಗ ನಿಮ್ಮ ಡಾಕ್ಟರಿಗೆ ತೋರಿಸಿ, ಮುಂದಿನದು ಅವರು ನೋಡಿಕೊಳ್ಳುತ್ತಾರೆ ಎಂದೂ ಹೇಳಿದರು.

"ನಮ್ಮ ಡಾಕ್ಟರು ಯಾರು?" ಎಂದು ಟ್ವೈಲಾ ಕೇಳಿದಳು.

"ಅದು ನಿಮಗೇ ಗೊತ್ತಿರ್ಬೇಕಲ್ವಾ ಮೇಡಂ," ಎಂದಳು ನರ್ಸು.

ಗೊತ್ತಿರಲಿಲ್ಲ. ಹೋದ ಚಳಿಗಾಲದವರೆಗೆ ಊರಿನಲ್ಲಿ ಡಾಕ್ಟರ್ ಬೆವ್ ಇದ್ದಳು. ಬ್ಯಾಂಕಿನ ಎದುರಿನ ಪುಟ್ಟ ಕ್ಲಿನಿಕ್ಕಿನಲ್ಲಿ ಇಡೀ ಕಣಿವೆಯ ನಾಲಿಗೆ, ಗಂಟಲು, ರಕ್ತದೊತ್ತಡ ಆಕೆಯ ಲೆಕ್ಕಕ್ಕೆ. ಆಮೇಲೆ ಕ್ಲಿನಿಕ್ಕನ್ನು ಯಾವುದೋ ಕಂಪನಿ ಕೊಂಡಿತು, ಬೆವ್ ನಿವೃತ್ತಳಾದಳು, ಮೆಡಿಕಲ್ ಕಾರ್ಡು ನಡೆಯುವುದಿಲ್ಲ ಎಂದು ಬಾಗಿಲಿಗೆ ಫಲಕ ಬಿತ್ತು. ಮೆಡಿಕಲ್ ಕಾರ್ಡು ಎಂದರೆ ಕೈಯಲ್ಲಿ ಕಾಸಿಲ್ಲದವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ. ಕಾಗದಪತ್ರಗಳಲ್ಲಿ ಅದಕ್ಕೆ ಘನವಾದ ಹೆಸರುಂಟು, ಕಣಿವೆಯಲ್ಲಿ ಆ ಹೆಸರು ಹಿಡಿದು ಯಾರೂ ಕರೆಯುವುದಿಲ್ಲ. ಒಲೀಟಾ ಶರ್ಟು ಕಾರ್ಖಾನೆಯಲ್ಲಿ ಪ್ರಾಯವೆಲ್ಲ ಕಾಲರ್ ಹೊಲಿದವಳು. ಕಾರ್ಖಾನೆ ಯಾವುದೋ ದೇಶಕ್ಕೆ ಹೋಯಿತು, ಒಲೀಟಾಳಿಗೆ ಕಾರ್ಡು ಬಂತು. ಅದನ್ನು ಆಕೆ ಪರ್ಸಿನ ಒಳಪದರಿನಲ್ಲಿ ಇಟ್ಟುಕೊಂಡಿರುತ್ತಿದ್ದಳು. ಔಷಧಿ ಅಂಗಡಿಯಲ್ಲಿ ಕೌಂಟರಿನ ಮೇಲೆ ಬೋರಲಾಗಿ ಇಟ್ಟು, ಬೆರಳಿನಿಂದ ಮೆಲ್ಲಗೆ ತಳ್ಳುತ್ತಿದ್ದಳು.

ಮಾರನೆಯ ದಿನದಿಂದ ಟ್ವೈಲಾ ಫೋನಿಗೆ ಕೂತಳು. ಕೂತಳು ಎನ್ನುವುದು ಮಾತಿಗೆ. ಮಕ್ಕಳ ಊಟ ಮುಗಿದು ತಟ್ಟೆ ತೊಳೆಯುವ ಯಂತ್ರ ಶುರುವಾಗುವ ನಡುವಿನ ಬಿಡುವಿನಲ್ಲಿ, ಶಾಲೆಯ ಉಗ್ರಾಣದಲ್ಲಿ ಹಿಟ್ಟಿನ ಮೂಟೆಗಳ ಮಧ್ಯೆ ನಿಂತು, ಒಂದು ಕಿವಿಗೆ ಫೋನು ಇನ್ನೊಂದು ಕಿವಿಗೆ ಕೈ. ವಿಮೆಯವರು ಕೊಟ್ಟ ನಂಬರುಗಳಲ್ಲಿ ಒಂದು ಹಲ್ಲಿನವರದು, ಒಂದು ಕುದುರೆ ನೋಡುವವರದು. ಉಳಿದವರಿಗೆಲ್ಲ ಆಕೆಯದು ಒಂದೇ ಪಾಠ.

"ಕ್ಷಮಿಸಿ, ತೊಂದ್ರೆ ಕೊಡ್ತಿದ್ದೀನಿ. ನಿಮ್ಮ ಡಾಕ್ಟರು ಮೆಡಿಕಲ್ ಕಾರ್ಡು ತಗೋತಾರಾ?"

"ಡಾಕ್ಟರು ಮೆಡಿಕಲ್ ಕಾರ್ಡಿನ ಹೊಸಬರನ್ನ ತಗೊಳ್ತಾ ಇಲ್ಲ ಮೇಡಂ."

"ಸರಿ, ಕ್ಷಮಿಸಿ."

ಬೆಟ್ಟದ ಈಚೆಯವರೂ ಅದನ್ನೇ ಹೇಳಿದರು, ಬೆಟ್ಟದ ಆಚೆಯವರೂ ಅದನ್ನೇ ಹೇಳಿದರು. ಬಡವರಿಗೆಂದೇ ಇರುವ ಕ್ಲಿನಿಕ್ಕಿನಲ್ಲಿ ಮೂರು ತಿಂಗಳ ಸರದಿ ಇತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ಪೂಜಾರಿಯ ಮುಖವನ್ನೂ ನೋಡುವ ಹಾಗಿರಲಿಲ್ಲ, ಬರೀ ಧ್ವನಿ. ಸಂಜೆ ಮನೆಗೆ ಬಂದರೆ ಒಲೀಟಾ ಬಾಗಿಲಲ್ಲೇ ಕೇಳುತ್ತಿದ್ದಳು.

"ಸಿಕ್ಕಿದ್ರಾ?"

"ಇಲ್ಲ ಅತ್ತೆ."

"ಸಿಗಲ್ಲ ಬಿಡು. ನೀನು ಕೇಳೋ ರೀತಿಗೆ ಅಂಗಡಿಯವನು ಉಪ್ಪೂ ಕೊಡಲ್ಲ."

ಶುಕ್ರವಾರ ರಾತ್ರಿ ರಾಸ್ಕೋ ಬಂದ. ಟ್ವೈಲಾಳ ಗಂಡ ಲಾರಿ ಓಡಿಸುವವನು, ವಾರಾಂತ್ಯಕ್ಕೆ ಮಾತ್ರ ಮನೆಯ ಯಜಮಾನ. ಶನಿವಾರ ಬೆಳಿಗ್ಗೆ ಬಿಸಿ ಬನ್ನಿನ ಮೇಲೆ ಹಿಟ್ಟಿನ ಗ್ರೇವಿ ಸುರಿದುಕೊಳ್ಳುತ್ತ ಅವನು ತೀರ್ಪು ಕೊಟ್ಟ.

"ದುಡ್ಡು ಕೊಟ್ಟು ತೋರಿಸೋಣ. ಬೆವ್ ಇದ್ದ ಕ್ಲಿನಿಕ್ಕಲ್ಲಿ ನಗದು ಕೊಟ್ರೆ ನಾಳಿದ್ದೇ ನೋಡ್ತಾರಂತೆ. ನನ್ನ ಮೀನಿನ ದೋಣಿ ಮಾರ್ತೀನಿ."

"ದೋಣಿ ಮಾರಿ ಒಂದ್ಸಲ ತೋರಿಸ್ತೀಯ. ಎರಡನೇ ಸಲಕ್ಕೆ ಏನು ಮಾರ್ತೀಯ, ಹೆಂಡ್ತೀನಾ?" ಎಂದಳು ಒಲೀಟಾ.

"ನನ್ನನ್ನ ಯಾರೂ ಕೊಳ್ಳಲ್ಲ ಬಿಡಿ," ಎಂದಳು ಟ್ವೈಲಾ ಒಲೆಯ ಕಡೆಯಿಂದ. "ಅಡುಗೆಗೆ ಬೇಕಿದ್ರೆ ಬಾಡಿಗೆಗೆ ಕೊಡಿ."

ರಾಸ್ಕೋ ನಗಲಿಲ್ಲ. "ಅಮ್ಮ, ಹಟ ಬೇಡ. ಸೋದರಮಾವನಿಗೂ ಹೀಗೇ ಬೆರಳಲ್ಲಿ ಶುರುವಾಗಿ ಮೊಣಕಾಲವರೆಗೆ ಹೋಯ್ತು."

"ನನಗೆ ನೆನಪು ಮಾಡ್ಬೇಡ. ಅವನ ಕಾಲು ತೊಳೆದವಳು ನಾನು." ಒಲೀಟಾ ಚಮಚ ಕೆಳಗಿಟ್ಟಳು. "ಕೇಳೋ ಇಲ್ಲಿ. ಕಾಲರ್ ಹೊಲಿದಿದ್ದು ನಾನು. ವಾರವಾರ ಸಂಬಳದಲ್ಲಿ ಸರ್ಕಾರಕ್ಕೆ ಹಿಡಕೊಂಡಿದ್ದು ಅವರು. ಈಗ ಕಾರ್ಡು ಕೊಟ್ಟಿದಾರೆ. ಅದನ್ನ ಯಾರೂ ಮುಟ್ಟಲ್ಲ ಅಂದ್ರೆ ತಪ್ಪು ಅವರದ್ದು. ನಾನು ನಗದು ಕೊಡಲ್ಲ."

"ನಗದು ಕೊಡಲ್ಲ ಅಂದ್ರೆ ಕಾಲು ಕೊಡ್ತೀಯಾ?"

ಆಗ ಟ್ವೈಲಾ ಸುಮ್ಮನಿರಬಹುದಿತ್ತು. ಆದರೆ ಆ ವಾರವೆಲ್ಲ ಬೇರೆಯವರ ಇಲ್ಲ ಇಲ್ಲಗಳನ್ನು ಕಿವಿಯಲ್ಲಿ ತುಂಬಿಕೊಂಡಿದ್ದವಳಿಗೆ ತಡೆಯಲಾಗಲಿಲ್ಲ.

"ಅಷ್ಟು ಹಕ್ಕಿನ ಕಾರ್ಡನ್ನ ಔಷಧಿ ಅಂಗಡೀಲಿ ಬೋರಲು ಹಾಕಿ ಯಾಕೆ ಕೊಡ್ತೀರಿ ಅತ್ತೆ?"

ಒಲೀಟಾ ಎದ್ದು, ಗೋಡೆ ಹಿಡಿದುಕೊಂಡು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಲ್ಲಿಗೆ ಅತ್ತೆ ಸೊಸೆಯ ಮಾತು ನಿಂತಿತು. ಮುಂದಿನ ದಿನಗಳಲ್ಲಿ ಒಲೀಟಾ ಎಲ್ಲವನ್ನೂ ಮೊಮ್ಮಗಳ ಮೂಲಕ ಹೇಳಿಸಿದಳು. ನಿಮ್ಮಮ್ಮನಿಗೆ ಹೇಳು, ಸಾರಿಗೆ ಉಪ್ಪು ಸಾಲದು. ನಿಮ್ಮಮ್ಮನಿಗೆ ಹೇಳು, ನನ್ನ ಬಟ್ಟೆ ನಾನೇ ಒಗೆದುಕೊಳ್ಳುತ್ತೇನೆ. ಟ್ವೈಲಾ ಬೆಳಿಗ್ಗೆ ಸಂಜೆ ಆಕೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಗಾಯ ತೊಳೆದು ಪಟ್ಟಿ ಕಟ್ಟುವಾಗಲೂ ಒಲೀಟಾ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಿರುತ್ತಿದ್ದಳು. ಆಸ್ಪತ್ರೆಯ ಮಾತ್ರೆ ಮುಗಿಯುತ್ತ ಬಂತು. ಪಕ್ಕದ ಬೆರಳೂ ನೇರಳೆ ಬಣ್ಣಕ್ಕೆ ತಿರುಗಿತು. ಟ್ವೈಲಾಳಿಗೆ ಹೆದರಿಕೆಯಾಗುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಕೋಪ ಬರುತ್ತಿತ್ತು. ಕೋಪ ಯಾರ ಮೇಲೆ ಎಂದು ಕೇಳಿದ್ದರೆ ಅತ್ತೆಯಿಂದ ಶುರುಮಾಡಿ ರಾಜಧಾನಿಯವರೆಗೆ ಹೆಸರು ಹೇಳುತ್ತಿದ್ದಳು.

ಮೇಲಿನ್ ದಿನಾ ಶಾಲೆ ಮುಗಿದ ಮೇಲೆ ಅಗ್ಗದ ಸಾಮಾನಿನ ಅಂಗಡಿಯಲ್ಲಿ ಗಲ್ಲಾ ನೋಡುತ್ತಿದ್ದಳು. ಬುಧವಾರ ಆಕೆ ಮನೆಗೆ ಬಂದವಳು ಕೋಟು ಕೂಡ ಬಿಚ್ಚದೆ ಅಡುಗೆಮನೆಗೆ ನುಗ್ಗಿದಳು.

"ಅಮ್ಮಾ, ಇವತ್ತು ಅಂಗಡಿಗೆ ಡಾಕ್ಟರ್ ಬೆವ್ ಬಂದಿದ್ರು. ಹಕ್ಕಿಗೆ ಹಾಕೋ ಕಾಳು ತಗೊಂಡ್ರು. ಅಜ್ಜಿ ಕಾಲಿನ ವಿಷಯ ಹೇಳ್ದೆ. ಅವರು ಡಾಕ್ಟರೇ ಅಲ್ವಂತೆ."

"ಡಾಕ್ಟರ್ ಅಲ್ದೆ ಇನ್ನೇನು, ಪಾದ್ರಿನಾ?" ಎಂದಳು ಮೇಜಿನ ಬಳಿ ಕೂತಿದ್ದ ಒಲೀಟಾ.

"ಪಿಎ ಅಂತೆ. ಫಿಸಿಶಿಯನ್ ಅಸಿಸ್ಟೆಂಟ್. ಮೊದಮೊದಲು ಎಲ್ಲರಿಗೂ ತಿದ್ದಿ ಹೇಳ್ತಿದ್ರಂತೆ, ನಾನು ಡಾಕ್ಟರಲ್ಲ, ನನ್ನ ಹೆಸರು ಹಿಡಿದು ಕರೀರಿ ಅಂತ. ನಮ್ಮ ಕಣಿವೆಯವರು ಕೇಳ್ಬೇಕಲ್ಲ. ಸಾಕಾಗಿ ಬಿಟ್ಬಿಟ್ರಂತೆ."

ಒಲೀಟಾಳ ಮುಖ ನೋಡುವಂತಿತ್ತು. "ಅಂದ್ರೆ ಹನ್ನೊಂದು ವರ್ಷ ನಾನು ನಾಲಿಗೆ ಚಾಚಿದ್ದು ಅಸಿಸ್ಟೆಂಟ್ ಮುಂದೆನಾ?"

"ನಾಲಿಗೆ ಅದೇ ತಾನೇ ಅಜ್ಜಿ. ಕೇಳಿಲ್ಲಿ, ಅವರು ನಿನ್ನ ನಾಡಿ ನೋಡ್ತಿದ್ರು, ಮಾತ್ರೆ ಬರೀತಿದ್ರು, ಅದಕ್ಕೆಲ್ಲ ಅವರಿಗೆ ಹಕ್ಕಿದೆಯಂತೆ. ಈಗ ಮುಖ್ಯ ವಿಷಯ. ಫೋನಲ್ಲಿ ನಿಮ್ಮಮ್ಮ ಏನಂತ ಕೇಳ್ತಿದ್ದಾಳೆ ಅಂದ್ರು. ಡಾಕ್ಟರು ಕಾರ್ಡು ತಗೋತಾರಾ ಅಂತ ಕೇಳ್ತಾಳೆ ಅಂದೆ. ಅಲ್ಲೇ ಎಡವಿದ್ದು ಅಂತ ನಕ್ಕುಬಿಟ್ರು."

ಟ್ವೈಲಾ ಬಾಣಲೆಯಲ್ಲಿ ಹುರಿಯುತ್ತಿದ್ದ ಮಾಂಸದ ಬಿಲ್ಲೆಗಳನ್ನು ಮಗುಚುವುದನ್ನು ಬಿಟ್ಟು ನಿಂತಳು. "ಎಡವಿದ್ದು ಹೇಗೆ?"

"ಎಷ್ಟೋ ಕಡೆ ಡಾಕ್ಟರು ಕಾರ್ಡಿನವರನ್ನ ತಗೊಳ್ಳಲ್ಲ, ಅದೇ ಕ್ಲಿನಿಕ್ಕಿನ ಪಿಎ ತಗೋತಾರಂತೆ. ನೀನು ಡಾಕ್ಟರನ್ನ ಕೇಳಿದ್ರೆ ಅವರು ಡಾಕ್ಟರ ಬಗ್ಗೆ ಹೇಳ್ತಾರೆ. ಇಲ್ಲ ಅಂತಾರೆ. ಸುಳ್ಳೇನೂ ಹೇಳಿಲ್ಲ."

ಬಾಣಲೆಯಲ್ಲಿದ್ದದ್ದು ಸೀದುಹೋಯಿತು. ಆ ರಾತ್ರಿ ಎಲ್ಲರೂ ಸೀದದ್ದನ್ನೇ ಬ್ರೆಡ್ಡಿಗೆ ಹಾಕಿಕೊಂಡು ತಿಂದರು.

ಮರುದಿನ ಉಗ್ರಾಣದಲ್ಲಿ ಟ್ವೈಲಾ ಬೆಟ್ಟದಾಚೆಯ ದೊಡ್ಡ ಕ್ಲಿನಿಕ್ಕಿಗೇ ಮತ್ತೆ ಫೋನು ಮಾಡಿದಳು. ಅದೇ ಹುಡುಗಿ, ಅದೇ ಜೇನು ಸವರಿದ ಧ್ವನಿ.

"ಕ್ಷಮಿಸಿ, ನಿಮ್ಮಲ್ಲಿ ಪಿಎ ಇದ್ದಾರಾ? ಅವರು ಮೆಡಿಕಲ್ ಕಾರ್ಡು ತಗೋತಾರಾ?"

"ತಗೋತಾರೆ ಮೇಡಂ. ನಾಳೆ ಶುಕ್ರವಾರ ಬರ್ತೀರಾ?"

ಟ್ವೈಲಾ ಹಿಟ್ಟಿನ ಮೂಟೆಯ ಮೇಲೆ ಕೂತುಬಿಟ್ಟಳು. "ಹೋದ ವಾರ ಇದೇ ನಂಬರಿಗೆ ನಾನೇ ಫೋನ್ ಮಾಡಿದ್ದೆ. ನೀವೇ ಇಲ್ಲ ಅಂದ್ರಿ."

"ಹೋದ ವಾರ ನೀವು ಡಾಕ್ಟರನ್ನ ಕೇಳಿದ್ರಿ ಮೇಡಂ."

ಒಂದು ವಾರ, ಒಂದು ಶಬ್ದಕ್ಕಾಗಿ. ಆ ವಾರದಲ್ಲಿ ಇನ್ನೊಂದು ಬೆರಳಿಗೆ ಬಣ್ಣ ಬಂದಿತ್ತು. ಟ್ವೈಲಾಳಿಗೆ ಫೋನನ್ನು ಗೋಡೆಗೆ ಎಸೆಯಬೇಕೆನಿಸಿತು. ಹೊಸ ಫೋನು ಕೊಳ್ಳುವ ಶಕ್ತಿಯಿಲ್ಲ ಎಂಬುದು ನೆನಪಾಗಿ, ಶುಕ್ರವಾರ ಬರುತ್ತೇವೆ ಎಂದಷ್ಟೇ ಹೇಳಿದಳು.

ಮನೆಯಲ್ಲಿ ಒಲೀಟಾ ಹೊರಡಲು ಒಪ್ಪಲಿಲ್ಲ. "ಅಸಿಸ್ಟೆಂಟ್‌ಗೆ ತೋರಿಸೋಕೆ ಬೆಟ್ಟ ಹತ್ತಿ ಇಳೀಬೇಕಾ ಅಂತ ನಿಮ್ಮಮ್ಮನನ್ನ ಕೇಳು," ಎಂದು ಮೇಲಿನ್‌ಗೆ ಹೇಳಿದಳು.

"ಹನ್ನೊಂದು ವರ್ಷ ಅಸಿಸ್ಟೆಂಟ್ ಕೈಲೇ ಬದುಕಿದಾರೆ ಅಂತ ನಿಮ್ಮಜ್ಜಿಗೆ ಹೇಳು," ಎಂದಳು ಟ್ವೈಲಾ.

"ನಾನು ಯಾರಿಗೂ ಏನೂ ಹೇಳಲ್ಲ," ಎಂದಳು ಮೇಲಿನ್. "ಇಬ್ರೂ ಒಂದೇ ಸೋಫಾ ಮೇಲೆ ಕೂತಿದೀರಿ."

ಶುಕ್ರವಾರ ಒಲೀಟಾ ಚರ್ಚಿಗೆ ಹಾಕುವ ನೀಲಿ ಉಡುಪು ಹಾಕಿಕೊಂಡಳು, ತುಟಿಗೆ ಬಣ್ಣ ಹಚ್ಚಿಕೊಂಡಳು. ಬಲಗಾಲಿಗೆ ಚರ್ಚಿನ ಬೂಟು, ಊದಿದ ಎಡಗಾಲಿಗೆ ರಾಸ್ಕೋನ ದೊಡ್ಡ ರಬ್ಬರ್ ಬೂಟು. ಬೆಟ್ಟದ ತಿರುವುಗಳನ್ನು ದಾಟುವಾಗ ರೇಡಿಯೋದಲ್ಲಿ ಪಾದ್ರಿಯೊಬ್ಬ ತಾಳ್ಮೆಯ ಬಗ್ಗೆ ಮಾತಾಡತೊಡಗಿದಾಗ ಒಲೀಟಾ ಕೈಚಾಚಿ ಅದನ್ನು ಆರಿಸಿದಳು. ಟ್ವೈಲಾಳಿಗೂ ಅದೇ ಬೇಕಿತ್ತು.

ಕ್ಲಿನಿಕ್ಕು ಹೊಸದು, ಕಾಯುವ ಕೋಣೆಯ ತುಂಬ ಮೆತ್ತನೆಯ ಕುರ್ಚಿ, ಕುರ್ಚಿಯ ತುಂಬ ಜನ. ಕೌಂಟರಿನ ಹುಡುಗಿಯ ಎದೆಯ ಮೇಲೆ ಬ್ರೀನಾ ಎಂಬ ಹೆಸರಿತ್ತು. ಫೋನಿನಲ್ಲಿ ಕೇಳಿದ ಧ್ವನಿ ಅವಳದೇ. ಒಲೀಟಾ ಪರ್ಸಿನ ಒಳಪದರಿನಿಂದ ಕಾರ್ಡು ತೆಗೆದು, ಬೋರಲು ಇಟ್ಟು, ಬೆರಳಿನಿಂದ ತಳ್ಳಿದಳು. ಬ್ರೀನಾ ಅದನ್ನು ತಿರುಗಿಸಿ, ಕಂಪ್ಯೂಟರಿನಲ್ಲಿ ನೋಡಿ, ತುಟಿ ಕಚ್ಚಿದಳು.

"ಒಂದು ಸಮಸ್ಯೆ ಇದೆ ಮೇಡಂ. ನಿಮ್ಮ ಕಾರ್ಡಿಗೆ ಬೇರೆ ಡಾಕ್ಟರ ಹೆಸರು ಸೇರಿಸಿದಾರೆ. ನಿಮ್ಮನ್ನ ನೋಡ್ಬೇಕಾದವರು ಅವರು. ವಿಮೆಯವರಿಗೆ ಫೋನ್ ಮಾಡಿ ನಮ್ಮ ಹೆಸರಿಗೆ ಬದಲಾಯಿಸ್ಕೊಂಡು, ಮುಂದಿನ ತಿಂಗಳು ಒಂದನೇ ತಾರೀಖಿನ ಮೇಲೆ ಬನ್ನಿ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಟ್ವೈಲಾಳ ಬಾಯಿಂದ ಅಭ್ಯಾಸದ ಮಾತು ತಾನಾಗಿ ಹೊರಬಿತ್ತು. "ಸರಿ, ಕ್ಷಮಿಸಿ."

"ಯಾಕೆ?" ಎಂದಳು ಒಲೀಟಾ.

ಟ್ವೈಲಾ ತಿರುಗಿ ನೋಡಿದಳು. ಅಷ್ಟು ದಿನಗಳ ಮೇಲೆ ಅತ್ತೆ ನೇರವಾಗಿ ಆಕೆಗೆ ಆಡಿದ ಮೊದಲ ಮಾತು ಅದು.

"ನೀನು ಯಾಕೆ ಕ್ಷಮೆ ಕೇಳ್ತೀಯ? ನೀನೇನು ಮಾಡಿದೀಯ? ಅಡುಗೆ ಮಾಡ್ತೀಯ, ನನ್ನ ಕೀವು ತೊಳೀತೀಯ." ಒಲೀಟಾ ಹತ್ತಿರದ ಮೆತ್ತನೆಯ ಕುರ್ಚಿಯಲ್ಲಿ ಕೂತು ಎಡಗಾಲು ಮುಂದೆ ಚಾಚಿದಳು. "ಟ್ವೈಲಾ, ಬೂಟು ಎಳಿ."

"ಅತ್ತೆ, ಇಲ್ಲಿ ಬೇಡ—"

"ಎಳಿತೀಯೋ ಇಲ್ವೋ?"

ಕೋಣೆಯಲ್ಲಿದ್ದವರೆಲ್ಲ ನೋಡುತ್ತಿದ್ದರು. ಟ್ವೈಲಾಳಿಗೆ ಕೆನ್ನೆ ಬಿಸಿಯಾಯಿತು. ಮುಂದಿನ ತಿಂಗಳು ಒಂದನೇ ತಾರೀಖು ಎಂದರೆ ಇನ್ನೂ ಮೂರು ವಾರ, ಪ್ರತಿ ಬೆಳಿಗ್ಗೆ ಪಟ್ಟಿ ಬಿಚ್ಚಿದಾಗ ಒಳಗೆ ಏನು ಕಾಣುತ್ತದೆಂದು ಆಕೆಗಲ್ಲದೆ ಈ ಕೋಣೆಯಲ್ಲಿ ಯಾರಿಗೆ ಗೊತ್ತು. ಆಕೆ ನೆಲದ ಮೇಲೆ ಮಂಡಿಯೂರಿ, ಎರಡೂ ಕೈಯಿಂದ ಹಿಡಿದು, ಬೂಟು ಎಳೆದಳು. ಕಾಲ್ಚೀಲ ಎಳೆದಳು. ಪಟ್ಟಿಯನ್ನೂ ಬಿಚ್ಚಿದಳು, ಅದನ್ನು ಅತ್ತೆ ಹೇಳಿರಲಿಲ್ಲ.

ವಾಸನೆ ಕೋಣೆಯ ಮೂಲೆಮೂಲೆಗೆ ಹೋಯಿತು. ಗಾಲ್ಫ್ ಟೋಪಿಯ ಮನುಷ್ಯನೊಬ್ಬ ಪತ್ರಿಕೆಯಿಂದ ಮೂಗು ಮುಚ್ಚಿಕೊಂಡ. ಒಬ್ಬ ತಾಯಿ ಮಗುವನ್ನು ಎಳೆದುಕೊಂಡಳು. ಒಲೀಟಾ ಕೌಂಟರಿನತ್ತ ಕೈಚಾಚಿ ಬ್ರೀನಾಳಿಂದ ಕಾರ್ಡು ಇಸಿದುಕೊಂಡು, ಮುಖ ಮೇಲಾಗಿ, ಎಲ್ಲರಿಗೂ ಕಾಣುವಂತೆ ಹಿಡಿದಳು.

"ಇದು ಮೆಡಿಕಲ್ ಕಾರ್ಡು. ಇದು ಮೆಡಿಕಲ್ ಕಾರ್ಡಿನ ಕಾಲು. ಎರಡೂ ನಂದೇ. ನೋಡೋವರೆಗೂ ನಾನು ಇಲ್ಲಿಂದ ಏಳಲ್ಲ."

ಒಳಬಾಗಿಲು ತೆರೆದು ಒಬ್ಬ ದಪ್ಪ ಕುತ್ತಿಗೆಯ, ನಿದ್ದೆಗೆಟ್ಟ ಕಣ್ಣಿನ ಮನುಷ್ಯ ಹೊರಗೆ ಬಂದ. ಡ್ವೈಟ್ ಅಡ್ಕಿನ್ಸ್, ಪಿಎ ಎಂದು ಅಂಗಿಯ ಮೇಲೆ ಹೊಲಿದಿತ್ತು.

"ಏನಿದು ವಾಸನೆ? ಯಾರದು?"

"ನಂದು," ಎಂದಳು ಒಲೀಟಾ. "ಮಾರಾಟಕ್ಕಿಲ್ಲ."

ಅವನು ಟ್ವೈಲಾಳ ಪಕ್ಕದಲ್ಲೇ ಮಂಡಿಯೂರಿ ಕಾಲನ್ನು ಕೈಗೆತ್ತಿಕೊಂಡು, ಬೆರಳುಗಳ ನಡುವೆ ನೋಡಿದ. "ಇದಕ್ಕೆ ಕರಿ ಮುಲಾಮು ಹಚ್ಚಿದ್ದು ಯಾರು?"

"ನಾನೇ."

"ಇನ್ನೊಂದ್ಸಲ ಹಚ್ಚಿದ್ರೆ ನಾನು ನಿಮ್ಮ ಮನೆಗೇ ಬಂದು ಡಬ್ಬ ಹಳ್ಳಕ್ಕೆ ಎಸೀತೀನಿ. ಬ್ರೀನಾ, ಗಾಲಿಕುರ್ಚಿ ತಾ."

"ಸರ್, ಇವರ ಕಾರ್ಡಲ್ಲಿ ಬೇರೆ ಹೆಸರಿದೆ. ಡಾಕ್ಟರ್ ವೆಂಡೆಲ್ ಪೋಗ್ ಅಂತ."

"ಪೋಗ್ ತೀರ್ಕೊಂಡು ಎರಡು ವರ್ಷ ಆಯ್ತಲ್ಲ," ಎಂದ ಡ್ವೈಟ್.

"ಅವರ ಹತ್ರ ಹೋಗೋಕೆ ನನಗಿನ್ನೂ ಟೈಮಿದೆ," ಎಂದಳು ಒಲೀಟಾ.

ಗಾಲ್ಫ್ ಟೋಪಿಯವನು ಪತ್ರಿಕೆಯ ಹಿಂದೆ ನಕ್ಕದ್ದು ಎಲ್ಲರಿಗೂ ಕೇಳಿಸಿತು. ಬ್ರೀನಾ ಗಾಲಿಕುರ್ಚಿ ತಂದಳು. ಒಳಗೆ ಡ್ವೈಟ್ ಗಾಯವನ್ನು ಸಣ್ಣ ಕಡ್ಡಿಯಿಂದ ತಡವಿ, ಮೂಳೆ ತಾಕುತ್ತಿದೆ, ಇವತ್ತೇ ಆಸ್ಪತ್ರೆಗೆ ಸೇರಬೇಕು ಎಂದ. ಶಸ್ತ್ರಚಿಕಿತ್ಸಕರ ಕಚೇರಿಗೆ ತಾನೇ ಫೋನು ಹಚ್ಚಿದ. ಅತ್ತಲಿಂದ ಯಾರೋ ಕಾರ್ಡಿನ ಮಾತೆತ್ತಿರಬೇಕು. ನಾನು ಫೋನ್ ಇಡಲ್ಲ, ಹಾಸಿಗೆ ಸಿಕ್ಕಿತು ಅಂತ ಹೇಳೋವರೆಗೆ ಹೀಗೇ ಕೂತಿರ್ತೀನಿ ಎಂದು ಅವನು ಹೇಳುವುದನ್ನು ಟ್ವೈಲಾ ಕೇಳಿಸಿಕೊಂಡಳು. ಅವನಿಗಾಗಿ ಕಾಯುತ್ತಿದ್ದವರು ಅಷ್ಟು ಹೊತ್ತೂ ಗೊಣಗುತ್ತಿದ್ದರು. ಕೊನೆಗೆ ಹಾಸಿಗೆ ಸಿಕ್ಕಿತು.

"ಇವನನ್ನ ಏನಂತ ಕರೀಬೇಕು?" ಎಂದು ಒಲೀಟಾ ಸೊಸೆಯ ಕಿವಿಯಲ್ಲಿ ಕೇಳಿದಳು.

"ಡ್ವೈಟ್ ಅಂತ ಕರೀರಿ," ಎಂದ ಅವನೇ. "ಡಾಕ್ಟರ್ ಅಂತ ಮಾತ್ರ ಬೇಡ."

ಎರಡು ಬೆರಳು ಹೋದವು. ಪಾದ ಉಳಿಯಿತು. ವಾರದ ಮೇಲೆ ಒಲೀಟಾ ಮನೆಗೆ ಬಂದು ಸೋಫಾದ ಮೇಲೆ ರಾಣಿಯಂತೆ ಕಾಲು ಚಾಚಿದಳು. ರಾಸ್ಕೋ ಎರಡು ಟ್ರಿಪ್ಪು ಬಿಟ್ಟು ಮನೆಯಲ್ಲಿದ್ದು ಪಾತ್ರೆ ತೊಳೆದ, ತೊಳೆದದ್ದು ಸಾಲದೆಂದು ಅವನ ತಾಯಿ ಸೋಫಾದಿಂದಲೇ ಎರಡೆರಡು ಸಲ ತೊಳೆಸಿದಳು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂಬ ಗಾದೆಯನ್ನು ನಂಬಿ ಟ್ವೈಲಾ ತನ್ನ ಕಾಲ ಬಂತೆಂದುಕೊಂಡಿದ್ದಳು. ಬರಲಿಲ್ಲ. ಸಾರಿಗೆ ಉಪ್ಪು ಮತ್ತೆ ಕಡಿಮೆಯಾಗತೊಡಗಿತು. ಆದರೆ ಈಗ ದೂರು ನೇರವಾಗಿ ಬರುತ್ತಿತ್ತು, ಮೇಲಿನ್‌ಳ ಮೂಲಕವಲ್ಲ.

ಒಂದು ಸಂಜೆ ಕ್ಲಿನಿಕ್ಕಿನ ಮ್ಯಾನೇಜರ್ ಫೋನು ಮಾಡಿದಳು. ಟ್ವೈಲಾ ಆಲೂಗಡ್ಡೆ ಸುಲಿಯುತ್ತ ಭುಜ ಕಿವಿಗಳ ನಡುವೆ ಫೋನು ಸಿಕ್ಕಿಸಿಕೊಂಡಳು.

"ಆವತ್ತಿನ ಘಟನೆಯಿಂದ ಉಳಿದ ರೋಗಿಗಳಿಗೆ ತೊಂದರೆಯಾಗಿದೆ. ಮುಂದಿನ ಭೇಟೀಲಿ ಹಾಗಾಗಲ್ಲ ಅಂತ ನಿಮ್ಮಿಂದ ಭರವಸೆ ಬೇಕು."

ಕ್ಷಮಿಸಿ ಎಂಬ ಮಾತು ಟ್ವೈಲಾಳ ನಾಲಿಗೆಯ ತುದಿಗೆ ಬಂತು. ಸೋಫಾದಿಂದ ಎರಡು ಕಣ್ಣು ಆಕೆಯನ್ನೇ ನೋಡುತ್ತಿದ್ದವು.

"ತೊಂದ್ರೆ ಅವರಿಗಾಯ್ತಾ?" ಎಂದಳು ಟ್ವೈಲಾ. "ಬೆರಳು ಹೋಗಿದ್ದು ನಮ್ಮತ್ತೇದು. ನಾನು ಮೊದಲ್ನೇ ಸಲ ಫೋನ್ ಮಾಡ್ದಾಗ, ಡಾಕ್ಟರು ಇಲ್ಲ, ಪಿಎ ನೋಡ್ತಾರೆ ಅಂತ ಒಂದು ಮಾತು ಹೇಳಿದ್ದಿದ್ರೆ ಎರಡನೇ ಬೆರಳು ಉಳೀತಿತ್ತೋ ಏನೋ. ನೀವು ಆ ಒಂದು ಮಾತು ಹೇಳ್ತೀವಿ ಅಂತ ಭರವಸೆ ಕೊಡಿ. ಆಮೇಲೆ ನಾವು ಬೂಟಿನ ಬಗ್ಗೆ ಮಾತಾಡೋಣ."

ಮೇಲಿನವರಿಗೆ ತಿಳಿಸುತ್ತೇನೆ ಎಂದು ಮ್ಯಾನೇಜರ್ ಫೋನಿಟ್ಟಳು.

"ಏನಂದ್ಲು?" ಎಂದಳು ಒಲೀಟಾ.

"ಮೇಲಿನವರಿಗೆ ಹೇಳ್ತಾಳಂತೆ."

"ಆ ಆಲೂಗಡ್ಡೆ ಇಷ್ಟು ದಪ್ಪ ಸುಲೀಬೇಡ, ಅರ್ಧ ಸಿಪ್ಪೇಲೇ ಹೋಗುತ್ತೆ," ಎಂದಳು ಒಲೀಟಾ. ಆಮೇಲೆ ಕಿಟಕಿಯ ಕಡೆ ತಿರುಗಿಕೊಂಡು, "ಚೆನ್ನಾಗಿ ಹೇಳ್ದೆ," ಎಂದಳು.

ಆ ಭಾನುವಾರ ಚರ್ಚು ಮುಗಿಸಿ ವರ್ಡಿ ಬಂದಳು. ಒಲೀಟಾ ಕಾಲರ್ ಹೊಲಿಯುತ್ತಿದ್ದ ಕಾಲದಲ್ಲಿ ಪಕ್ಕದ ಯಂತ್ರದಲ್ಲಿ ಗುಂಡಿಯ ಕಾಜಾ ಹೊಲಿಯುತ್ತಿದ್ದವಳು. ಕಾರ್ಡಿನವರ ಮಾತು ಬಂದಾಗಲೆಲ್ಲ, ನಾವು ಅಂಥವರಲ್ಲಪ್ಪ ಎನ್ನುವುದು ಅವಳ ಪದ್ಧತಿ. ಆಪಲ್ ಕೇಕು ತಂದಿದ್ದಳು. ಕೇಕನ್ನು ಮೇಜಿನ ಮೇಲಿಟ್ಟು ನಿಂತೇ ಇದ್ದಳು.

"ಕೂತ್ಕೋ," ಎಂದಳು ಒಲೀಟಾ.

"ನಿಂತೇ ಇರ್ತೀನಿ ಬಿಡು."

"ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಬೇಕು ನಿನಗೆ. ಎಲ್ಲಿ ನೋವು, ಬಾಯಿ ಬಿಡು."

ವರ್ಡಿ ರಾಸ್ಕೋ ಹೊರಗಿದ್ದಾನೆಯೇ ಎಂದು ನೋಡಿಕೊಂಡಳು. ಆಮೇಲೆ ಪರ್ಸು ತೆರೆದು, ಕರವಸ್ತ್ರದಲ್ಲಿ ಸುತ್ತಿದ್ದ ಒಂದು ಕಾರ್ಡು ತೆಗೆದಳು. ಒಲೀಟಾಳದರ ಜೋಡಿ. ಕೂರುವ ಜಾಗದಲ್ಲಿ ಕುರು ಎ‌ದ್ದು, ಒಡೆದು, ಮತ್ತೆ ಎದ್ದು, ಜ್ವರ ಬರುತ್ತಿದೆ ಎಂದು ಪಿಸುಗುಟ್ಟಿದಳು. ಐದು ಕಡೆ ಫೋನು ಮಾಡಿದ್ದಳಂತೆ. ಐದೂ ಕಡೆ ಡಾಕ್ಟರು ತಗೊಳ್ತಾ ಇಲ್ಲ ಎಂದರಂತೆ.

"ಡಾಕ್ಟರನ್ನ ಕೇಳ್ಬೇಡ ಕಣೇ, ಪೆದ್ದಿ," ಎಂದಳು ಒಲೀಟಾ. "ಟ್ವೈಲಾ, ನಾಳೆ ನನ್ನ ಪಟ್ಟಿ ಬದಲಾಯಿಸೋಕೆ ಹೋಗ್ತೀವಲ್ಲ, ಇವಳನ್ನೂ ಕೂರಿಸ್ಕೊಂಡು ಹೋಗೋಣ."

"ಕೂರೋಕಾಗಲ್ಲ ಅಂದ್ನಲ್ಲ," ಎಂದಳು ವರ್ಡಿ.

"ಹಿಂದಿನ ಸೀಟಲ್ಲಿ ಮಗ್ಗುಲಾಗಿ ಮಲಗಿ," ಎಂದಳು ಟ್ವೈಲಾ.

ಟ್ವೈಲಾ ಶಾಲೆಗೆ ಅರ್ಧ ದಿನದ ರಜೆ ಹೇಳಿದಳು. ಸೋಮವಾರ ಮೂವರೂ ಬೆಟ್ಟ ದಾಟಿದರು. ಕಾಯುವ ಕೋಣೆ ಎಂದಿನಂತೆ ತುಂಬಿತ್ತು. ಊರುಗೋಲಿನ ಒಲೀಟಾ ಒಳಗೆ ಕಾಲಿಟ್ಟದ್ದೇ ಬ್ರೀನಾ ನೆಟ್ಟಗೆ ಕೂತು, ಒಲೀಟಾ ಮೇಡಂ ನಿಮ್ಮ ಕೋಣೆ ರೆಡಿ ಇದೆ, ಕಾರ್ಡಿಗೆ ಸೇರಿಸಿದ್ದ ಡಾಕ್ಟರ ಹೆಸರೂ ಬದಲಾಗಿದೆ ಎಂದಳು. ಒಲೀಟಾ ಹೋಗಲಿಲ್ಲ. ವರ್ಡಿಯ ಕೈಯಿಂದ ಕಾರ್ಡು ಕಿತ್ತುಕೊಂಡು ಕೌಂಟರಿನ ಮೇಲೆ, ಮುಖ ಮೇಲಾಗಿ, ಟಪ್ಪೆಂದು ಇಟ್ಟಳು.

"ಇವಳಿಗೂ ಮೆಡಿಕಲ್ ಕಾರ್ಡು. ಇವಳಿಗೂ ಪಿಎ ಬೇಕು. ಇವತ್ತೇ."

"ಈ ತಿಂಗಳು ಹೊಸಬರಿಗೆ ಜಾಗ ಇಲ್ಲ ಮೇಡಂ," ಎಂದಳು ಬ್ರೀನಾ. ಹೇಳುವಾಗ ಧ್ವನಿಯಲ್ಲಿ ಜೇನು ಇರಲಿಲ್ಲ, ಬರೀ ಭಯವಿತ್ತು. "ಮುಂದಿನ ತಿಂಗಳು—"

"ಇವಳದ್ದು ಕಾಲಲ್ಲಲ್ಲ ಮಗಾ," ಎಂದಳು ಒಲೀಟಾ ಶಾಂತವಾಗಿ. "ಕೂರೋ ಜಾಗದಲ್ಲಿ. ಇಲ್ಲೇ ತೋರಿಸ್ಲಿ ಅಂತೀಯಾ?"

ವರ್ಡಿಯ ಮುಖ ಕಿವಿಯವರೆಗೆ ಕೆಂಪಾಯಿತು. ಆದರೂ ಅವಳು ಪರ್ಸನ್ನು ಕುರ್ಚಿಯ ಮೇಲಿಟ್ಟು ಲಂಗದ ಗುಂಡಿಗೆ ಕೈಹಾಕಿದಳು.

"ಬಿಚ್ಚಿ ವರ್ಡಿ, ನಾನು ಈ ಕಡೆ ಅಡ್ಡ ನಿಂತ್ಕೋತೀನಿ," ಎಂದಳು ಟ್ವೈಲಾ.

ಬ್ರೀನಾ ಕೋಣೆಯ ತುಂಬ ಕೂತಿದ್ದ ಜನರನ್ನು ನೋಡಿದಳು, ವರ್ಡಿಯ ಕೈಯನ್ನು ನೋಡಿದಳು, ಕೀಬೋರ್ಡನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಹೆಸರು ಹೇಳಿ," ಎಂದಳು.